ನಾಳಿನ ಬುತ್ತಿ

‘ತಂಗಳು’ ಎಂಬುದು ಕನ್ನಡಿಗರ ಮನೆಗಳಲ್ಲಿ ಎಂದೂ ಗೌರವದ ಮಾತಾಗಿಲ್ಲ. ಬಿಸಿಯಾದುದು ಅತಿಥಿಗೆ, ತಂಗಳು ಮನೆಯವರಿಗೆ. ಮನೆಯವರಲ್ಲಿಯೂ ಬಿಸಿಯಾದುದು ಗಂಡಸರಿಗೆ, ತಂಗಳು ಹೆಂಗಸರಿಗೆ. ಇದು ಬಹುಕಾಲದಿಂದ ನಡೆದುಬಂದ ಪಂಕ್ತಿಭೇದ. ಹೀಗಿರಲು, ವಾರಕ್ಕೆ ಬೇಕಾದ ಅಡಿಗೆಯ ಬಹುಭಾಗವನ್ನು ಒಬ್ಬ ತಾಯಿಯು ರವಿವಾರದ ದಿನವೇ ಬೇಯಿಸಿ, ಡಬ್ಬಿಗಳಿಗೆ ತುಂಬಿ, ಫ್ರಿಜ್ಜಿನಲ್ಲಿರಿಸಿದಳೆಂದರೆ ಮನೆಯ ಹಿರಿಯರಿಗೆ ಅದು ಹಿತವಾಗದಿರುವುದು ಸಹಜವೇ ಆಗಿದೆ. ಬಸವಕಲ್ಯಾಣದ ಒಂದು ಮನೆಯಲ್ಲಿ ಈ ವಿಷಯವಾಗಿ ಒಂದು ಸಣ್ಣ ವ್ಯಾಜ್ಯ ನಡೆಯಿತು. ವ್ಯಾಜ್ಯವು ಸಣ್ಣದಾದರೂ ಅದರಲ್ಲಿ ಅಡಗಿದ ಪ್ರಶ್ನೆಯು ಇಂದು ಅನೇಕ ಮನೆಗಳ ಪ್ರಶ್ನೆಯಾಗಿರುವುದರಿಂದ ಅದನ್ನು ವಿಚಾರಿಸುವುದು ಅನುಚಿತವಾಗಲಾರದು.

ಆ ಮನೆಯು ಕೋಟೆಗೆ ಸಮೀಪವಾದ ಒಂದು ಓಣಿಯಲ್ಲಿದೆ. ಸೊಸೆಯು ಹುಮನಾಬಾದಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಮಗನಿಗೆ ಅದೇ ಊರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಎಂಟು ವರ್ಷದ ಹೆಣ್ಣುಮಗು, ನಾಲ್ಕು ವರ್ಷದ ಗಂಡುಮಗು, ಅರುವತ್ತೈದು ದಾಟಿದ ಅತ್ತೆ, ಇಷ್ಟು ಜನ. ಸೊಸೆಯು ಬೆಳಿಗ್ಗೆ ಎಂಟೂವರೆಗೆ ಬಸ್ಸು ಹಿಡಿಯಬೇಕು. ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಸೊಲ್ಲಾಪುರ-ಹೈದರಾಬಾದುಗಳ ಹೆದ್ದಾರಿಯನ್ನು ಸೇರಿ ಪೂರ್ವಕ್ಕೆ ಓಡುತ್ತದೆ. ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಕೂಡಿಸಿದರೆ ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ. ಸಂಜೆ ಮನೆ ಸೇರುವಾಗ ಏಳು. ಮಕ್ಕಳು ಮಲಗುವುದು ಒಂಬತ್ತೂವರೆಗೆ. ನಡುವಿನ ಎರಡೂವರೆ ಗಂಟೆಯಲ್ಲಿ ಸೋಸುವುದು, ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಬೆಳಗುವುದು. ಉಳಿದ ಕಾಲ ಮಕ್ಕಳಿಗೆ. ಉಳಿಯುತ್ತಿದ್ದುದು ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಒಂದು ದಿನ ಶಾಲೆಯಲ್ಲಿ ಮನೆಯವರ ಚಿತ್ರವನ್ನು ಬರೆಯಲು ಹೇಳಿದ್ದರು. ಹುಡುಗಿಯು ತಂದೆಯನ್ನು ಬರೆದಳು, ಅಜ್ಜಿಯನ್ನು ಬರೆದಳು, ತಮ್ಮನನ್ನು ಬರೆದಳು. ಇವರೆಲ್ಲರಿಗೂ ಕಣ್ಣು, ಮೂಗು, ನಗು ಇದ್ದವು. ತಾಯಿಯ ಚಿತ್ರದಲ್ಲಿ ಮಾತ್ರ ಒಂದು ಜಡೆ, ಒಂದು ಸೀರೆಯ ಬೆನ್ನು. ತಾಯಿಯು ನಗುತ್ತಲೇ ಕೇಳಿದಳು: “ನನ್ನ ಮಾರಿ ಯಾಕ ಬರದಿಲ್ಲ?” ಹುಡುಗಿ ಯಾವ ದೂರೂ ಇಲ್ಲದ ಧ್ವನಿಯಲ್ಲಿ, “ನೀ ಒಲಿ ಕಡೀಗೇ ಇರ್ತಿ ಅಲ್ಲ ಅವ್ವಾ” ಎಂದಳು. ದೂರಾಗಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಕೂಸು ಕಂಡದ್ದನ್ನು ಬರೆದಿತ್ತು, ಅಷ್ಟೆ.

ಆ ತಿಂಗಳಿನಿಂದ ಮನೆಯ ಕ್ರಮವು ಬದಲಾಯಿತು. ರವಿವಾರದ ದಿನ ತೊಗರಿಬೇಳೆಯನ್ನು ಒಟ್ಟಿಗೆ ಬೇಯಿಸಿ ಒಂದೊಂದು ಹೊತ್ತಿಗೆ ಒಂದೊಂದು ಡಬ್ಬಿಯಂತೆ ತುಂಬುವುದು. ಉಳ್ಳಾಗಡ್ಡಿ, ಟೊಮೇಟೊ, ಬೆಳ್ಳುಳ್ಳಿಗಳ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದಿಡುವುದು. ಹೆಸರು, ಮಡಕಿ, ಕಡಲೆಗಳನ್ನು ನೆನೆಸಿ ಬೇಯಿಸಿಡುವುದು. ಚಪಾತಿಗಳನ್ನು ಅರೆಬೇಯಿಸಿ ಒಂದರ ಮೇಲೊಂದು ಕಾಗದವಿಟ್ಟು ಪೇರಿಸುವುದು. ಮೂರು ದಿನಗಳೊಳಗೆ ತೀರುವುದು ಫ್ರಿಜ್ಜಿನ ಕೆಳಗಿನ ಖಾನೆಗೆ, ಅದಕ್ಕೂ ಮುಂದಿನದು ಮೇಲಿನ ಫ್ರೀಜರಿಗೆ. ಬೇಯಿಸಿದ ಆಲೂಗಡ್ಡೆಯು ಹಿಮಗಟ್ಟಿ ಕರಗಿದ ಮೇಲೆ ನೀರುನೀರಾಗಿ ರುಚಿಗೆಡುತ್ತದೆಂಬುದನ್ನೂ, ಮೊಸರು ಒಡೆಯುತ್ತದೆಂಬುದನ್ನೂ ಅವಳು ಒಂದೆರಡು ಸಾರಿ ಕೆಡಿಸಿಯೇ ಕಲಿತಳು.

ಅತ್ತೆಗೆ ಇದು ಸರಿಬರಲಿಲ್ಲ.

“ಯವ್ವಾ, ಮೂರು ದಿನದ ಬ್ಯಾಳಿ ಕೂಸುಗಳಿಗಿ ಉಣಸ್ತಿ ಏನು? ನಿನ್ನಿಂದು ಉಳದ್ರ ನಾವು ದನಕ್ಕ ಹಾಕ್ತಿದ್ವಿ.”

“ಕೆಟ್ಟಿಲ್ರೀ ಅತ್ತಿ. ಥಂಡಿ ಇಟ್ಟದ್ದು ಕೆಡಂಗಿಲ್ಲ.”

“ಕೆಡದಿದ್ದದ್ದು ಬ್ಯಾರೆ, ತಾಜಾ ಇದ್ದದ್ದು ಬ್ಯಾರೆ” ಎಂದು ಹೇಳಿ ಮುದುಕಿಯು ಸುಮ್ಮನಾದಳು. ಸುಮ್ಮನಾದಳೆಂದರೆ ಒಪ್ಪಿದಳೆಂದಲ್ಲ. ಅಂದಿನಿಂದ ಅವಳು ತನ್ನ ಮಟ್ಟಿಗೆ ಬೇರೆಯೇ ಒಲೆ ಹೊತ್ತಿಸಿ ಎರಡು ರೊಟ್ಟಿ ಬಡಿದುಕೊಂಡು, ಒಂದಿಷ್ಟು ಹಿಂಡಿ ಹಾಕಿಕೊಂಡು ಉಣ್ಣತೊಡಗಿದಳು. ಒಂದೇ ಅಡಿಗೆಮನೆಯಲ್ಲಿ ಎರಡು ಅಡಿಗೆ. ಮಗನು ನಡುವೆ ಕುಳಿತು ತಲೆಯೆತ್ತದೆ ಉಣ್ಣುತ್ತಿದ್ದನು.

ಮುದುಕಿಯ ಮಾತಿಗೆ ಆಧಾರವಿರಲಿಲ್ಲವೆಂದು ಹೇಳುವಂತಿಲ್ಲ. ಕಲ್ಯಾಣದ ಮಣ್ಣಿನಲ್ಲಿ ಬೆಳೆದವಳಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. 12ನೆಯ ಶತಮಾನದಲ್ಲಿ ಈ ಊರಿನಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕದಲ್ಲಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಅವನ ಹೆಂಡತಿಯಾದ ಲಕ್ಕಮ್ಮನು ಆ ಹೆಚ್ಚಳವನ್ನು ಒಲ್ಲದೆ, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾಗಿದೆ. ಇಂದಿಗೆ ಇಂದಿನದು ಸಾಕು, ನಾಳೆಗೆ ಕೂಡಿಡಲಾಗದು ಎಂಬ ಭಾವವು ಈ ಭಾಗದ ಜನರ ರಕ್ತದಲ್ಲಿ ಸೇರಿಹೋಗಿದೆ. ಭಗವದ್ಗೀತೆಯ 17ನೆಯ ಅಧ್ಯಾಯವೂ ಆಹಾರವನ್ನು ಮೂರಾಗಿ ವಿಂಗಡಿಸುವಾಗ ರಸ ಹೋದದ್ದನ್ನೂ ರಾತ್ರಿ ಕಳೆದದ್ದನ್ನೂ ತಾಮಸರಿಗೆ ಪ್ರಿಯವಾದುದೆಂದು ಹೇಳುತ್ತದೆ. ಎರಡು ಕಡೆಗಳಿಂದಲೂ ಸೊಸೆಯ ಡಬ್ಬಿಗಳಿಗೆ ವಿರೋಧವೇ ಕಾಣಿಸುತ್ತದೆ.

ಆದರೆ ಇದೇ ಊರಿನಲ್ಲಿ ಹುಟ್ಟಿದ ಮತ್ತೊಂದು ಗ್ರಂಥವು ಸೊಸೆಯ ಪಕ್ಷದಲ್ಲಿ ಸಾಕ್ಷಿ ನುಡಿಯುತ್ತದೆ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ನ್ಯಾಯಾಲಯಗಳು ಶತಮಾನಗಳ ಪರ್ಯಂತ ಪ್ರಮಾಣವಾಗಿ ಹಿಡಿದ ಗ್ರಂಥವಿದು. ಆಸ್ತಿಯನ್ನು ಹಂಚುವ ವಿಚಾರಕ್ಕಾಗಿ ಲೋಕವು ಅದನ್ನು ನೆನೆಯುತ್ತದೆ. ಅನ್ನವನ್ನು ಇಡುವ ವಿಚಾರವು ಅದರ ಆಚಾರಾಧ್ಯಾಯದಲ್ಲಿ ಇರುವುದನ್ನು ಮರೆಯುತ್ತದೆ. ಎಣ್ಣೆ-ತುಪ್ಪಗಳ ಸ್ನೇಹದಿಂದ ಕೂಡಿದ ಅನ್ನವು ರಾತ್ರಿ ಕಳೆದು ಬಹುಕಾಲವಿದ್ದರೂ ಭೋಜ್ಯವೇ. ಗೋಧಿ, ಜವೆ, ಹಾಲು ಇವುಗಳಿಂದಾದ ಪದಾರ್ಥಗಳು ಸ್ನೇಹವಿಲ್ಲದಿದ್ದರೂ ಭೋಜ್ಯವೇ ಎಂದು ಯಾಜ್ಞವಲ್ಕ್ಯನ ಅಭಿಪ್ರಾಯ. ಮನುವೂ ಹೀಗೆಯೇ ಹೇಳುತ್ತಾನೆ. ಜೋಳದ ಹೆಸರು ಅಲ್ಲಿಲ್ಲವೆಂಬುದೊಂದು ಕೊರತೆ. ಆದರೆ ಬಸವಕಲ್ಯಾಣ, ಹುಮನಾಬಾದುಗಳ ಜನರು ಆ ಕೊರತೆಯನ್ನು ತಮ್ಮ ಕೈಯಿಂದಲೇ ತುಂಬಿಕೊಂಡಿದ್ದಾರೆ. ಒಟ್ಟಿನಲ್ಲಿ ಶಾಸ್ತ್ರಕಾರರು ಗಡಿಯಾರವನ್ನು ಮಾತ್ರ ನೋಡಿ ಅನ್ನವನ್ನು ತಳ್ಳಲಿಲ್ಲ; ಯಾವುದು ಬೇಗನೆ ಕೆಡುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ನೋಡಿದರು. ಗುಜರಾತದಲ್ಲಿ ಶೀತಲಾ ಸಪ್ತಮಿಯ ದಿನ ಒಲೆಯನ್ನೇ ಹೊತ್ತಿಸದೆ, ಹಿಂದಿನ ದಿನ ಮಾಡಿದ ಅಡಿಗೆಯನ್ನು ದೇವಿಗೆ ನಿವೇದಿಸಿ ಉಣ್ಣುವ ವ್ರತವೇ ಇದೆ.

ಇಂದಿನ ವಿಜ್ಞಾನವು ಹೇಳುವುದೂ ಇದಕ್ಕೆ ದೂರವಾದುದಲ್ಲ. ಅನ್ನವನ್ನು ಕೆಡಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಬೆಳೆಯುವುದಕ್ಕೆ ತೇವವೂ ಬೆಚ್ಚಗಿನ ಹವೆಯೂ ಬೇಕು. ತೇವವನ್ನು ತೆಗೆದರೆ ಅವು ಬೆಳೆಯಲಾರವು. ಸಂಡಿಗೆ, ಹಪ್ಪಳ, ಹಿಂಡಿಗಳು ಉಳಿಯುವುದು ಹೀಗೆ. ಬೆಚ್ಚನ್ನು ತೆಗೆದರೂ ಅವು ಬೆಳೆಯಲಾರವು. ಫ್ರಿಜ್ಜಿನ 4 ಡಿಗ್ರಿಯಲ್ಲಿ ಅವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ, ಫ್ರೀಜರಿನ ಸೊನ್ನೆಗಿಂತ ಕೆಳಗಿನ 18 ಡಿಗ್ರಿಯಲ್ಲಿ ನಿಂತೇ ಹೋಗುತ್ತದೆ. ಆದರೆ ಅವು ಸಾಯುವುದಿಲ್ಲ, ನಿದ್ರಿಸುತ್ತವೆ, ಬೆಚ್ಚಗಾದೊಡನೆ ಎಚ್ಚರಗೊಳ್ಳುತ್ತವೆ. ಆದುದರಿಂದಲೇ ಬೇಯಿಸಿದುದನ್ನು ಎರಡು ಗಂಟೆಗಳೊಳಗೆ ತಣ್ಣಗಿನ ಸ್ಥಳಕ್ಕೆ ಸೇರಿಸಬೇಕು, ಬೇಸಗೆಯಲ್ಲಿ ಇನ್ನೂ ಬೇಗ. ದೊಡ್ಡ ಪಾತ್ರೆಯಲ್ಲಿಡದೆ ಸಣ್ಣ, ಆಳವಿಲ್ಲದ ಡಬ್ಬಿಗಳಲ್ಲಿಡಬೇಕು. ಉಣ್ಣುವಾಗ ಕುದಿ ಬರುವವರೆಗೆ ಕಾಸಬೇಕು. ಹೊರಗೆ ಕರಗಿ ಬೆಚ್ಚಗಾದುದನ್ನು ಮತ್ತೆ ಹಿಮಗಟ್ಟಿಸಬಾರದು. ಅನ್ನದ ವಿಷಯದಲ್ಲಂತೂ ವಿಶೇಷ ಎಚ್ಚರಿಕೆ ಬೇಕು. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಗಳು ಕುದಿಯುವ ನೀರಿಗೂ ಸಾಯದೆ ಉಳಿದು, ಹೊರಗಿಟ್ಟ ಅನ್ನದಲ್ಲಿ ವಿಷವನ್ನುಂಟುಮಾಡುತ್ತವೆ. ಆ ವಿಷವು ಮತ್ತೆ ಕಾಸಿದರೂ ಹೋಗುವುದಿಲ್ಲ. ಇಲ್ಲಿ ಮುದುಕಿಯ ಭಯವು ನಿಜವೇ ಆಗಿತ್ತು.

ಹಿಮಗಟ್ಟಿಸುವ ವಿದ್ಯೆಯೂ ಮೂಲದಲ್ಲಿ ಯಂತ್ರದ ವಿದ್ಯೆಯಲ್ಲ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತನು 1912ರಿಂದ ಕೆಲವು ವರ್ಷ ಉತ್ತರದ ಲ್ಯಾಬ್ರಡಾರ್ ಪ್ರಾಂತದಲ್ಲಿದ್ದಾಗ, ಅಲ್ಲಿಯ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ಗಟ್ಟಿಯಾಗುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದರೂ ಅದರ ರುಚಿ ಕೆಡದಿರುವುದನ್ನೂ ಕಂಡನು. ಬೇಗನೆ ಗಟ್ಟಿಯಾದರೆ ಹಿಮದ ಹರಳುಗಳು ಸಣ್ಣವಾಗುತ್ತವೆ, ಪದಾರ್ಥದ ಒಡಲು ಹರಿಯುವುದಿಲ್ಲ. ಈ ತತ್ತ್ವದ ಮೇಲೆ ಮಾಡಿದ ಆಹಾರಗಳನ್ನು 1930ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟರು. ಭಾರತದಲ್ಲಿ ಗೋದ್ರೆಜ್ ಕಂಪನಿಯು ಫ್ರಿಜ್ಜುಗಳನ್ನು ತಯಾರಿಸತೊಡಗಿದ್ದು 1958ರಲ್ಲಿ. ಚಳಿಯಿದ್ದ ದೇಶದವರು ಚಳಿಯಿಂದ ಆಹಾರವನ್ನು ಕಾದರು. ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಮುಟ್ಟುವ ಬೀದರ ಸೀಮೆಯವರು ಏನು ಮಾಡಬೇಕಾಗಿತ್ತು? ಅವರು ಬಿಸಿಲಿನಿಂದಲೂ ಬೆಂಕಿಯಿಂದಲೂ ಅದೇ ಕೆಲಸವನ್ನು ಮಾಡಿದರು. ಅದರ ಫಲವೇ ಖಡಕ್ ರೊಟ್ಟಿ.

ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನ ಜಿಗುಟಿಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದರೆ ಮಾತ್ರ ಅದು ಒಂದುಗೂಡುತ್ತದೆ. ಅಂಗೈಯಿಂದ ತೆಳ್ಳಗೆ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ನೀರು ಸವರಿ, ತಿರುವಿ, ಬೆಂದ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ತೇವವೆಲ್ಲ ಹೋಗುವವರೆಗೆ ಸುಡುತ್ತಾರೆ. ಹೀಗೆ ಒಣಗಿದ ರೊಟ್ಟಿಯು ಗಾಳಿಯಾಡದ ಡಬ್ಬಿಯಲ್ಲಿ ತಿಂಗಳಾದರೂ ಕೆಡದು. ಅದರ ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಿದ್ದರೆ ಬೆಂಕಿಯೂ ಬೇಡ, ಯಂತ್ರವೂ ಬೇಡ. ಹೊಲಕ್ಕೆ ಹೋಗುವವನ ಬುತ್ತಿ, ಜಾತ್ರೆಗೆ ನಡೆಯುವವನ ಬುತ್ತಿ, ಹೈದರಾಬಾದಿಗೆ ಓದಲು ಹೋದ ಹುಡುಗನ ಬುತ್ತಿ, ಎಲ್ಲವೂ ಇದೇ. ಎಳ್ಳ ಅಮಾವಾಸ್ಯೆಯ ದಿನ ಈ ಭಾಗದ ಊರುಗಳೆಲ್ಲ ಹೊಲಕ್ಕೆ ಹೊರಟು, ಭೂಮಿತಾಯಿಗೆ ಚರಗ ಚೆಲ್ಲಿ, ಭಜ್ಜಿ, ಅಂಬಲಿ, ರೊಟ್ಟಿ, ಶೇಂಗಾ ಹೋಳಿಗೆಗಳನ್ನು ಉಣ್ಣುವಾಗ ಅದರಲ್ಲಿ ಬಹಳಷ್ಟು ಹಿಂದಿನ ದಿನದ ಕೈಗೆಲಸವೇ ಆಗಿರುತ್ತದೆ. ಅದನ್ನು ತಂಗಳೆಂದು ಯಾರೂ ಅನ್ನುವುದಿಲ್ಲ, ಬುತ್ತಿ ಎನ್ನುತ್ತಾರೆ. ಈ ಮಾತಿನ ಭೇದವು ವಿಚಾರಯೋಗ್ಯವಾಗಿದೆ. ಉಂಡು ಮಿಕ್ಕಿದುದು ತಂಗಳು. ಉಣ್ಣುವವರನ್ನು ನೆನೆದು ಮೊದಲೇ ಮಾಡಿಟ್ಟುದು ಬುತ್ತಿ. ಎರಡಕ್ಕೂ ವಯಸ್ಸು ಒಂದೇ ಆಗಿರಬಹುದು, ಹುಟ್ಟು ಮಾತ್ರ ಬೇರೆ.

ಈ ಭೇದವನ್ನು ಅತ್ತೆ-ಸೊಸೆಯರಿಗೆ ತಿಳಿಸಿಕೊಟ್ಟವರು ಪಂಡಿತರಲ್ಲ; ಒಂದು ಬಿರುಗಾಳಿ. ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹಿಡಿಯುವ ಕಾಲ; ಶಾಲೆಗಳು ಆಗತಾನೆ ತೆರೆದಿದ್ದವು. ರವಿವಾರವೆಲ್ಲ ನಿಂತು ಬೇಯಿಸಿದ ಅಡಿಗೆಯು ಡಬ್ಬಿಗಳನ್ನು ಸೇರಿತ್ತು. ರಾತ್ರಿ ಗಾಳಿ ಎದ್ದು ವಿದ್ಯುತ್ತು ಹೋಯಿತು. ಬಂದುದು ಮಂಗಳವಾರ ಬೆಳಿಗ್ಗೆ. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಕೆಳಗಿನ ಖಾನೆಯ ತಂಪು ಸುಮಾರು ನಾಲ್ಕು ಗಂಟೆ, ತುಂಬಿದ ಫ್ರೀಜರಿನದು ಎರಡು ದಿನ, ಅರ್ಧ ತುಂಬಿದುದರದು ಒಂದೇ ದಿನ ಉಳಿಯುತ್ತದೆ. ಆ ಮನೆಯ ಫ್ರೀಜರು ಅರ್ಧವೇ ತುಂಬಿತ್ತು. ಸೊಸೆಯು ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಕೆಲವು ವಾಸನೆಗೆ ಚೆನ್ನಾಗಿಯೇ ಇದ್ದವು. ಆದರೆ ವಾಸನೆಯನ್ನು ನಂಬಲಾಗದೆಂದು ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಚೆಲ್ಲಿದಳು. ಬೇಳೆ, ಕಾಳು, ಮಸಾಲೆ, ಚಪಾತಿ; ಅವಳ ರವಿವಾರವೆಲ್ಲವೂ ಹೋಯಿತು. ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ಮಕ್ಕಳ ಡಬ್ಬಿಗಳು ಬರಿದಾಗಿದ್ದವು. ಅವಳು ಒಲೆಯ ಮುಂದೆ ಕುಳಿತು ಅತ್ತಳು.

ಮುದುಕಿಯು ‘ನಾ ಅಂದಿದ್ದಿಲ್ಲ’ ಎನ್ನಬಹುದಾಗಿತ್ತು. ಅನ್ನಲಿಲ್ಲ. ಅಟ್ಟದ ಮೇಲಿನ ತಗಡಿನ ಡಬ್ಬಿಯನ್ನು ಇಳಿಸಿದಳು.

“ಅಳಬ್ಯಾಡ ತಂಗಿ. ಅಡಗಿ ಹೋಗ್ಯಾದ, ರೊಟ್ಟಿ ಅದ.”

ರೊಟ್ಟಿಗಳನ್ನು ಮುರಿದು ಮಕ್ಕಳ ಡಬ್ಬಿಗಳಲ್ಲಿಟ್ಟು, ಹಿಂಡಿಗೆ ಎಣ್ಣೆ ಬಿಟ್ಟು, ಬೆಲ್ಲದ ತುಂಡನ್ನು ಇಟ್ಟು ಕಟ್ಟಿಕೊಟ್ಟಳು. ಸಂಜೆ ಎಲ್ಲರೂ ಕೂಡಿ ಕುಳಿತಾಗ ಸೊಸೆಯು ಕೇಳಿದಳು: “ಇಷ್ಟು ರೊಟ್ಟಿ ಯಾವಾಗ ಬಡಿದಿಟ್ಟಿದ್ರೀ ಅತ್ತಿ?” ಮುದುಕಿಯು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

“ಹದಿನೈದು ದಿನಾ ಆತು. ನನಗಿದು ಹಳೀ ಚಾಳಿ. ನಿನ್ ಗಂಡ ಕೂಸಿದ್ದಾಗ ನಾ ಮಂದೀ ಹೊಲದಾಗ ಕಳೆ ತೆಗಿಲಾಕ ಹೋಗ್ತಿದ್ದೆ. ಹೊತ್ತು ಮುಳುಗಿದ ಮ್ಯಾಲ ಬಂದು ರೊಟ್ಟಿ ಬಡಿಲಾಕ ಕುಂತ್ರ, ಅವ ಅಳ್ಕೋತ ಅಳ್ಕೋತ ಹಾಂಗೇ ಮಕ್ಕೊಂಡ್ಬಿಡ್ತಿದ್ದ. ಎತ್ಕೊಳ್ಳಾಕೇ ಆಗ್ತಿದ್ದಿಲ್ಲ. ಅದಕ್ಕ ಸಂತಿ ದಿನ ಕುಂತು ಎಂಟು ದಿನದ್ದು ಬಡಿದಿಟ್ಟುಬಿಡ್ತಿದ್ದೆ.”

ಹೇಳಿ ಮುಗಿಸಿದ ಮೇಲೆ, ತಾನು ಏನು ಹೇಳಿದೆನೆಂಬುದು ಅವಳಿಗೇ ಕೇಳಿಸಿದಂತಾಯಿತು. ಸೊಸೆಯು ಏನೂ ಆಡಲಿಲ್ಲ. ಮಗನು ಮಾತ್ರ ಮೊದಲ ಬಾರಿಗೆ ತಟ್ಟೆಯಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದನು.

ಲಕ್ಕಮ್ಮನು ಒಲ್ಲೆನೆಂದುದು ಆಸೆಯ ಕೂಡಿಕೆಯನ್ನು. ಈ ಇಬ್ಬರು ತಾಯಂದಿರು ಕೂಡಿಡುತ್ತಿದ್ದುದು ಅಕ್ಕಿಯನ್ನಲ್ಲ, ಹೊತ್ತನ್ನು. ಕೂಸು ಮಲಗಿರುವ ಅಥವಾ ಆಡಿಕೊಂಡಿರುವ ಹೊತ್ತಿನ ದುಡಿಮೆಯನ್ನು ಮುಂದಕ್ಕೆ ಸಾಗಿಸಿ, ಕೂಸು ಕಾದು ಕುಳಿತಿರುವ ಹೊತ್ತನ್ನು ಬಿಡಿಸಿಕೊಳ್ಳುವ ಉಪಾಯವಿದು. ಆದರೆ ಒಂದು ಮಾತನ್ನು ಮರೆಯಬಾರದು. ಮೊದಲೇ ಅಡಿಗೆ ಮಾಡಿಟ್ಟರೆ ದುಡಿಮೆ ಕಡಮೆಯಾಗುವುದಿಲ್ಲ, ಸ್ಥಳಾಂತರವಾಗುತ್ತದೆ ಅಷ್ಟೆ. ಆರು ದಿನ ಬ್ಯಾಂಕಿಗೂ ಮನೆಗೂ ಓಡಾಡಿದವಳ ಏಳನೆಯ ದಿನವೂ ಒಲೆಗೆ ಸಂದಿತೆಂದರೆ, ಮಕ್ಕಳಿಗೆ ದೊರೆತ ತಾಯಿಯು ತನಗೆ ತಾನು ದೊರೆಯದೆ ಹೋಗುತ್ತಾಳೆ. ದುಡಿಮೆಯು ನಿಜವಾಗಿ ಕಡಮೆಯಾಗುವುದು ಕೈಗಳು ಹೆಚ್ಚಿದಾಗ ಮಾತ್ರ. ಆ ಮನೆಯಲ್ಲಿ ಬಿರುಗಾಳಿಯ ಮರುವಾರದಿಂದ ಉಳ್ಳಾಗಡ್ಡಿ ಹೆಚ್ಚುವವನು, ಕಾಳು ಬೇಯಿಸುವವನು, ಡಬ್ಬಿ ಬೆಳಗುವವನು ಮಗನಾದನು. ಮೊದಮೊದಲು ಓಣಿಯವರು ನಕ್ಕರು. ಆಮೇಲೆ ನಗುವುದಕ್ಕೂ ಬೇಸತ್ತರು. ರೊಟ್ಟಿ ಬಡಿಯಲು ಹೊತ್ತಿಲ್ಲದ ವಾರ, ಸ್ವಸಹಾಯ ಸಂಘದ ಹೆಂಗಸರು ಮಾಡಿ ಮಾರುವ ಖಡಕ್ ರೊಟ್ಟಿಯನ್ನು ಕೊಳ್ಳುತ್ತಾರೆ. ಒಬ್ಬ ತಾಯಿಗೆ ಹೊತ್ತು ಉಳಿಯುತ್ತದೆ, ಇನ್ನೊಬ್ಬ ತಾಯಿಗೆ ಕಾಸು ಬರುತ್ತದೆ.

ಈಗ ಆ ಮನೆಯಲ್ಲಿ ಎರಡು ಭಂಡಾರಗಳಿವೆ: ವಿದ್ಯುತ್ತಿದ್ದಾಗ ಫ್ರಿಜ್ಜು, ಇಲ್ಲದಾಗ ಅಟ್ಟದ ಡಬ್ಬಿ. ಎರಡನೆಯ ಒಲೆಯು ಆರಿದೆ. ಆದರೂ ಮುದುಕಿಯು ಹಿಮಗಟ್ಟಿದ ಬೇಳೆಯನ್ನು ಇಂದಿಗೂ ಉಣ್ಣುವುದಿಲ್ಲ. ಸೊಸೆಯು ಅದಕ್ಕಾಗಿ ಒತ್ತಾಯ ಮಾಡುವುದೂ ಇಲ್ಲ. ರವಿವಾರದ ಸಾಯಂಕಾಲ ಹುಡುಗಿಯು ಕಾಗದದ ಚೂರುಗಳ ಮೇಲೆ ವಾರದ ಹೆಸರುಗಳನ್ನು ಬರೆದು ಡಬ್ಬಿಗಳಿಗೆ ಅಂಟಿಸುತ್ತಾಳೆ. ಅಕ್ಷರ ಬಾರದ ಅಜ್ಜಿಯು ಒಂದನ್ನು ಕೈಗೆತ್ತಿಕೊಂಡು, “ಇದೇನು ಬರದಿದಿ?” ಎಂದು ಕೇಳುತ್ತಾಳೆ.

“ಗುರುವಾರ.”

“ಗುರುವಾರ ಇನ್ನಾ ಬಂದೇ ಇಲ್ಲಲ್ಲ!” ಎಂದು ಅಜ್ಜಿ ನಗುತ್ತಾಳೆ.

ಗುರುವಾರ ಬರುತ್ತದೆ. ಸಂಜೆ ಏಳಕ್ಕೆ ತಾಯಿಯು ಬಸ್ಸಿಳಿದು ಮನೆಗೆ ಬಂದು, ಡಬ್ಬಿಯನ್ನು ಬೋಗುಣಿಗೆ ಬರಿದುಮಾಡಿ ಉರಿ ಹೊತ್ತಿಸುತ್ತಾಳೆ. ಬೇಳೆಯು ತನ್ನಷ್ಟಕ್ಕೆ ಕುದಿಗೆ ಬರುತ್ತಿರುತ್ತದೆ. ಅವಳು ಒಲೆಗೆ ಬೆನ್ನು ಮಾಡಿ, ಮಕ್ಕಳ ಕಡೆಗೆ ಮುಖವಿಟ್ಟು ಕುಳಿತಿರುತ್ತಾಳೆ.